ಅಂಜನಾದ್ರಿಯ ಕಲ್ಲಿಗೂ ಒಂದು ನಮಸ್ಕಾರ

ಮಾರ್ಗಶಿರ ಬಂತೆಂದರೆ ಗಂಗಾವತಿ ಕಡೆಯ ದಾರಿಗಳಲ್ಲೆಲ್ಲ ಕೇಸರಿ ಬಟ್ಟೆಯವರೇ. ಹನುಮಮಾಲೆ ಹಾಕಿದವರು ವ್ರತ ಮುಗಿಸಿ, ಮಾಲೆ ಇಳಿಸೋಕೆ ಆನೆಗೊಂದಿ ಹತ್ತಿರದ ಅಂಜನಾದ್ರಿಗೆ ಬರುತ್ತಾರೆ. ಶುದ್ಧ ತ್ರಯೋದಶಿಯ ದಿನ 575 ಮೆಟ್ಟಿಲಲ್ಲೂ ಜನವೋ ಜನ. ಜೈ ಶ್ರೀರಾಮ್ ಅನ್ನುತ್ತಾ ಹತ್ತುತ್ತೇವೆ, ಕಣ್ಣೆಲ್ಲಾ ಮೇಲಿನ ಗುಡಿಯ ಕಡೆಗೆ. ಪಕ್ಕದ ಬಂಡೆಯನ್ನು ಯಾರು ನೋಡ್ತಾರೆ ಹೇಳಿ?

ನೋಡಬೇಕು. ಉಸಿರು ಬಿಡೋಕೆ ನಿಂತಾಗ ಬಂಡೆ ಹತ್ತಿರ ಮುಖ ತನ್ನಿ. ನಸುಗೆಂಪು ಹರಳು ಕಾಣುತ್ತದೆ, ಅದು ಫೆಲ್ಡ್‌ಸ್ಪಾರ್. ನಡುವೆ ಗಾಜಿನಂಥ ಬೆಣಚು, ಅಲ್ಲಲ್ಲಿ ಬಿಸಿಲಿಗೆ ಮಿಂಚುವ ಕರಿ ಕಾಗೆಬಂಗಾರ. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದಲ್ಲಿ ಕರಗಿ ಕುದಿಯುತ್ತಿದ್ದದ್ದು ಬಹಳ ನಿಧಾನವಾಗಿ ಆರಿದ್ದರಿಂದಲೇ ಹರಳುಗಳು ಇಷ್ಟು ದೊಡ್ಡದಾಗಿ ಬೆಳೆದವು. ಇದು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಅಂದರೆ ರಾಮನಗರದ ಹಳೇ ಹೆಸರು, ಅಲ್ಲಿನ ಬೆಟ್ಟಗಳದ್ದೂ ಇದೇ ಕುಲ.

ವಾಲಿ ಸುಗ್ರೀವರು ಜಗಳದಲ್ಲಿ ಎಸೆದಾಡಿದ ಗುಂಡುಗಳಿವು ಅಂತ ಹಿರಿಯರು ಹೇಳುತ್ತಾರೆ. ಒಂದರ ಮೇಲೊಂದು ಹೇರಿದಂತೆ ನಿಂತಿರುವುದನ್ನು ನೋಡಿದರೆ ಹಾಗೇ ಅನ್ನಿಸುತ್ತೆ ಅಲ್ವಾ? ಭೂವಿಜ್ಞಾನ ಹೇಳುವುದು ಬೇರೆ. ಮೇಲಿನ ಭಾರ ಸವೆದು ಹೋದಂತೆ ಕಲ್ಲು ಅಡ್ಡ ಉದ್ದ ಸೀಳಿತು, ಸೀಳಿನೊಳಗೆ ಮಳೆನೀರು ಇಳಿಯಿತು, ಮೂಲೆಗಳಿಗೆ ಎಲ್ಲ ಕಡೆಯಿಂದಲೂ ನೀರು ತಾಕಿದ್ದರಿಂದ ಅವೇ ಮೊದಲು ಮಣ್ಣಾದವು, ಆಮೇಲೆ ಆ ಮಣ್ಣೂ ಕೊಚ್ಚಿಹೋಗಿ ದುಂಡಗಿನ ತಿರುಳು ಮಾತ್ರ ಉಳಿಯಿತು. ಹೊಳೆ ಉರುಳಿಸಿಕೊಂಡು ತಂದದ್ದಲ್ಲ. ಹುಟ್ಟಿದ ಜಾಗದಲ್ಲೇ ಸವೆದು ದುಂಡಗಾದ ಕಲ್ಲುಗಳು.

ಇದನ್ನು ತಿಳಿದ ಮೇಲೆ ನನ್ನ ಭಕ್ತಿಯೇನೂ ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು. ಹನುಮಪ್ಪ ಹುಟ್ಟಿದ್ದು ಇಲ್ಲೇ ಅನ್ನೋದು ನಮ್ಮ ನಂಬಿಕೆ. ಅಂಜನಾದೇವಿ ಮಗುವನ್ನು ಎತ್ತಿಕೊಂಡಾಗಲೂ ಈ ಬಂಡೆಗಳು ಆಗಲೇ ಮುದಿಯಾಗಿದ್ದವು ಅಂತ ನೆನೆದರೆ ಮೈ ಜುಮ್ಮೆನ್ನುತ್ತದೆ.

ಮೇಲೆ ಹೋದರೆ ಕೆಳಗೆ ಭತ್ತದ ಗದ್ದೆ, ಕಲ್ಲುಗಳ ನಡುವೆ ಬಳುಕುತ್ತಾ ಹೋಗುವ ತುಂಗಭದ್ರೆ. ಈ ಸೀಮೆಯ ಬಂಡೆ ಸಂದುಗಳಲ್ಲಿ ಇವತ್ತಿಗೂ ಕರಡಿಗಳಿವೆ, ಹೊಳೆಯಾಚೆ ದರೋಜಿಯಲ್ಲಿ ಅವಕ್ಕೇ ಒಂದು ಧಾಮವಿದೆ. ಜಾಂಬವಂತನ ಬಳಗ ಕಿಷ್ಕಿಂಧೆ ಬಿಟ್ಟು ಎಲ್ಲೂ ಹೋಗಿಲ್ಲ.

ಬರುವವರಲ್ಲಿ ಒಂದೇ ಕೇಳಿಕೆ. ನೆನಪಿಗೆ ಅಂತ ಸುಮ್ನೆ ಬಂಡೆ ಮೇಲೆ ಬಣ್ಣದಲ್ಲಿ ಹೆಸರು ಬರೆಯಬೇಡಿ. ಅದನ್ನು ಕೆರೆದು ತೆಗೆಯೋಕೆ ಹೋದರೆ ಕಲ್ಲಿನ ಮೈಯೂ ಜೊತೆಗೇ ಕಿತ್ತು ಬರುತ್ತದೆ.