ಸುದ್ದಿಪತ್ರದ ಕೊನೆಯ ನಾಲ್ಕು ಸಾಲು

2025ರ ಅಕ್ಟೋಬರ್‌ನಲ್ಲಿ ವೈದ್ಯಕೀಯ ನೊಬೆಲ್ ಘೋಷಣೆಯಾದ ದಿನ ನಮ್ಮ ಲ್ಯಾಬಿನಲ್ಲಿ ಯಾರೂ ಕೆಲಸ ಮಾಡಲಿಲ್ಲ. ಶಿಮೊನ್ ಸಕಾಗುಚಿ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್. ಮೂರು ಹೆಸರೂ ನಮಗೆ ಮನೆಯವರ ಹೆಸರಿನಷ್ಟು ಪರಿಚಿತ. ನಾವು ದಿನಾ ಬೆಳಿಗ್ಗೆ ಎದ್ದು ಬಂದು ನೋಡುವುದೇ ಅವರು ಗುರುತಿಸಿದ ಕೋಶಗಳನ್ನು. ನಿಯಂತ್ರಕ ಟಿ ಕೋಶಗಳು, ನಾವು ಬಾಯಿಮಾತಿನಲ್ಲಿ ಟೀ-ರೆಗ್ ಅನ್ನುತ್ತೇವೆ. ದೇಹದ ರಕ್ಷಣಾ ಪಡೆ ತನ್ನದೇ ಮೈಯನ್ನು ತಿನ್ನದಂತೆ ತಡೆಯುವ ಕೋಶಗಳು ಇವು.

ಕೆಲವು ದಿನಗಳಲ್ಲಿ ನಮ್ಮ ಇಮ್ಯುನಾಲಜಿ (ದೇಹದ ರಕ್ಷಣಾ ವ್ಯವಸ್ಥೆಯ ವಿಜ್ಞಾನ) ಸಂಘದ ಸುದ್ದಿಪತ್ರವೂ ಬಂತು. ಮೊದಲ ಪುಟವೆಲ್ಲ ನೊಬೆಲ್. ನನ್ನ ಪಕ್ಕದ ಬೆಂಚಿನಲ್ಲಿ ಕೂರುವ ಹುಡುಗಿ ಪಿಎಚ್‌ಡಿಯ ಎರಡನೇ ವರ್ಷದಲ್ಲಿದ್ದಾಳೆ. ಅದನ್ನು ಖುಷಿಯಿಂದ ಓದಿ, ಮುಚ್ಚಿಬಿಟ್ಟಳು. ಕೊನೆಯಲ್ಲಿ ನಾಲ್ಕು ಸಾಲು ಇದ್ದವು. ಮುಂದಿನ ಸಮ್ಮೇಳನಕ್ಕೆ ಅಬ್‌ಸ್ಟ್ರಾಕ್ಟ್ (ಸಂಶೋಧನೆಯ ಸಾರಾಂಶ) ಕಳಿಸಲು ಕೊನೇ ದಿನ, ವಿದ್ಯಾರ್ಥಿಗಳಿಗೆ ಪ್ರಯಾಣದ ನೆರವು, ಒಂದು ವಾರದ ಕೋರ್ಸ್, ಯುವ ಸಂಶೋಧಕರ ಸಮಿತಿಗೆ ಎರಡು ಜಾಗ.

"ಕೆಳಗಡೆ ನೋಡಿದ್ಯಾ?" ಅಂದೆ.

"ಅದೆಲ್ಲ ದೊಡ್ಡ ಲ್ಯಾಬಿನವರಿಗೆ ಅಕ್ಕಾ. ನಮಗೆಲ್ಲಿ ಕೊಡ್ತಾರೆ, ಬಿಡಿ."

ಅವಳ ವಯಸ್ಸಿನಲ್ಲಿ ನಾನೂ ಇದೇ ಮಾತು ಆಡಿದ್ದೆ. ಅದಕ್ಕೇ ಈ ಬರಹ.

ಮೊದಲು ನೊಬೆಲ್‌ನ ಒಂದು ಸಂಗತಿ ಹೇಳಿಬಿಡುತ್ತೇನೆ, ಸಂಘದ ವಿಷಯಕ್ಕೂ ಅದಕ್ಕೂ ನಂಟಿದೆ. ಹುಟ್ಟಿ ಮೂರು ದಿನವಾದ ಇಲಿಮರಿಯ ಥೈಮಸ್ ಗ್ರಂಥಿ, ಅಂದರೆ ಟಿ ಕೋಶಗಳು ಬಲಿಯುವ ಜಾಗ, ತೆಗೆದರೆ ಅದರ ರಕ್ಷಣಾ ವ್ಯವಸ್ಥೆ ಸೊರಗಬೇಕು, ಅಲ್ವಾ? ಆದರೆ ಆ ಇಲಿಗಳಿಗೆ ದೇಹ ತನ್ನನ್ನೇ ತಿನ್ನುವ ಆಟೋಇಮ್ಯೂನ್ ಕಾಯಿಲೆ ಬರುತ್ತಿತ್ತು. ಆರೋಗ್ಯವಾಗಿರುವ ಇಲಿಯ ಟಿ ಕೋಶಗಳನ್ನು ಕೊಟ್ಟರೆ ಕಾಯಿಲೆ ಬರುತ್ತಿರಲಿಲ್ಲ. ಹಾಗಾದರೆ ಟಿ ಕೋಶಗಳಲ್ಲೇ ಯಾವುದೋ ಒಂದು ಗುಂಪು ಉಳಿದವನ್ನು ಹಿಡಿದಿಟ್ಟುಕೊಂಡಿದೆ. ಸಕಾಗುಚಿ ಅದರ ಬೆನ್ನು ಹತ್ತಿದ ಕಾಲಕ್ಕೆ ಇಂಥ ಕೋಶಗಳ ಮಾತೆತ್ತಿದರೆ ಜನ ಮುಖ ತಿರುಗಿಸುತ್ತಿದ್ದರು. ಉಳಿದವನ್ನು ತಡೆಯುತ್ತವೆ ಎಂದು ಹಿಂದೆ ಬಂದಿದ್ದ 'ಸಪ್ರೆಸರ್ ಕೋಶ'ಗಳ ವಾದ ಬಿದ್ದುಹೋಗಿತ್ತು. ಆದರೂ ಅವರು ಬಿಡಲಿಲ್ಲ. 1995ರಲ್ಲಿ ಆ ಗುಂಪಿನ ಗುರುತು ಕೋಶದ ಮೈಮೇಲಿರುವ ಸಿಡಿ25 ಎಂಬ ಪ್ರೋಟೀನ್ ಎಂದು ತೋರಿಸಿದರು. ಆ ಪ್ರಬಂಧ ಅಚ್ಚಾಗಿದ್ದು 'ಜರ್ನಲ್ ಆಫ್ ಇಮ್ಯುನಾಲಜಿ'ಯಲ್ಲಿ. ಅದು ಅಮೆರಿಕದ ಇಮ್ಯುನಾಲಜಿಸ್ಟರ ಸಂಘದ ಪತ್ರಿಕೆ, 1916ರಿಂದ ನಡೆದುಬಂದಿದೆ. ಯಾರೂ ನಂಬದ ವಿಷಯಕ್ಕೆ ಜಾಗ ಸಿಕ್ಕಿದ್ದು ಒಂದು ಸಂಘದ ಪತ್ರಿಕೆಯಲ್ಲಿ. ನನಗೆ ಇದು ಸಣ್ಣ ಮಾತಲ್ಲ.

2001ರಲ್ಲಿ ಬ್ರಂಕೋ ಮತ್ತು ರಾಮ್ಸ್‌ಡೆಲ್ 'ಸ್ಕರ್ಫಿ' ಎಂಬ ಕಾಯಿಲೆಯ ಇಲಿಗಳಲ್ಲಿ ಕೆಟ್ಟಿದ್ದ ಜೀನ್ ಹುಡುಕಿದರು. ಅದೇ ಫಾಕ್ಸ್‌ಪಿ3. ಮನುಷ್ಯರಲ್ಲಿ ಅದೇ ಜೀನ್ ಕೆಟ್ಟರೆ ಗಂಡುಮಕ್ಕಳಿಗೆ ಐಪೆಕ್ಸ್ ಎಂಬ ತೀವ್ರ ಕಾಯಿಲೆ ಬರುತ್ತದೆ. ಅಲ್ಲಿಂದ ಮುಂದೆ ಟೀ-ರೆಗ್ ಅಂದರೆ ಫಾಕ್ಸ್‌ಪಿ3 ಎನ್ನುವ ಮಟ್ಟಿಗೆ ಆ ಹೆಸರು ಅಂಟಿಕೊಂಡಿತು. ನಾನು ಎಡವಿದ್ದೂ ಅಲ್ಲೇ.

ಪಿಎಚ್‌ಡಿಯ ಮೂರನೇ ವರ್ಷ. ಮನುಷ್ಯರ ರಕ್ತದಿಂದ ತೆಗೆದ ಟಿ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಪ್ರಚೋದಿಸಿ, ಮೂರನೇ ದಿನ ಫಾಕ್ಸ್‌ಪಿ3 ಬಣ್ಣ ಹಾಕಿ ನೋಡುತ್ತಿದ್ದೆ. ಈ ಬಣ್ಣ ಹಾಕುವ ಕೆಲಸ ಮಾಡಿದವರಿಗೇ ಗೊತ್ತು. ಫಾಕ್ಸ್‌ಪಿ3 ಕೋಶದ ನ್ಯೂಕ್ಲಿಯಸ್ ಒಳಗೆ ಕೂತಿರುತ್ತದೆ. ಹೊರಗಿನ ಗುರುತುಗಳಿಗೆ ಆಂಟಿಬಾಡಿ (ಒಂದೊಂದು ಗುರುತಿಗೇ ಹೋಗಿ ಅಂಟುವ ಪ್ರೋಟೀನ್) ಮೊದಲು ಹಾಕಬೇಕು. ಸತ್ತ ಕೋಶಗಳನ್ನು ತೋರಿಸುವ ಡೈ ಕೂಡ ಆಗಲೇ ಹಾಕಬೇಕು, ಏಕೆಂದರೆ ಸತ್ತ ಕೋಶಕ್ಕೆ ಎಲ್ಲ ಆಂಟಿಬಾಡಿಯೂ ಅಂಟುತ್ತದೆ. ಆಮೇಲೆ ಕೋಶವನ್ನು ಇದ್ದ ಹಾಗೇ ಗಟ್ಟಿ ಮಾಡಿ, ಪೊರೆಯಲ್ಲಿ ತೂತು ಬೀಳಿಸಿ, ಆಗ ಒಳಗಿನ ಆಂಟಿಬಾಡಿ. ಒಂದೊಂದು ಸಲ ತೊಳೆದಾಗಲೂ ಟ್ಯೂಬಿನ ತಳದ ಬಿಳಿ ಚುಕ್ಕೆ ಸಣ್ಣದಾಗುತ್ತಾ ಹೋಗುತ್ತದೆ. ಕಣ್ಣು ಅದರ ಮೇಲೇ ಇಟ್ಟು ದ್ರವ ಚೆಲ್ಲಬೇಕು.

ಅಷ್ಟೆಲ್ಲ ಮಾಡಿದ ಮೇಲೆ ಕೋಶಗಳನ್ನು ಒಂದೊಂದಾಗಿ ಬಣ್ಣ ನೋಡಿ ಎಣಿಸುವ ಫ್ಲೋ ಸೈಟೋಮೀಟರ್ ಪರದೆಯ ಮೇಲೆ ಫಾಕ್ಸ್‌ಪಿ3 ಇರುವ ಕೋಶಗಳ ದೊಡ್ಡ ಗುಂಪು ಕಂಡಿತು. ನಾವು ಪರೀಕ್ಷಿಸುತ್ತಿದ್ದ ಅಣು ಟೀ-ರೆಗ್‌ಗಳನ್ನು ಹೆಚ್ಚಿಸುತ್ತದೆ ಎಂದು ನಾನೂ ನಂಬಿದೆ, ನನ್ನ ಗೈಡ್ ಕೂಡ ನಂಬಿದರು.

ಸುದ್ದಿಪತ್ರದ ಕೊನೆಯ ಸಾಲು ಆಗ ನನಗೆ ತೋರಿಸಿದ್ದು ಒಬ್ಬ ಹಿರಿಯ ಟೆಕ್ನಿಷಿಯನ್. "ಅರ್ಜಿ ಹಾಕಿ ನೋಡಮ್ಮಾ, ಕಳಕೊಳ್ಳೋದೇನು" ಅಂದರು. ಹಾಕಿದೆ. ನೆರವು ಸಿಕ್ಕಿತು. ಪೋಸ್ಟರ್ ಹಿಡಿದು ಸಮ್ಮೇಳನಕ್ಕೆ ಹೋದೆ.

ಪೋಸ್ಟರ್ ಮುಂದೆ ಎರಡು ಗಂಟೆ ನಿಂತೆ. ಹೆಚ್ಚಿನವರು ಶೀರ್ಷಿಕೆ ನೋಡಿ ಮುಂದೆ ಹೋದರು. ಕೊನೆಗೆ ಒಬ್ಬ ಹಿರಿಯ ಮಹಿಳೆ ಬಂದು ಮೌನವಾಗಿ ಮೂರು ಚಿತ್ರ ನೋಡಿದರು. ಎರಡನೆಯದರ ಮೇಲೆ ಬೆರಳಿಟ್ಟರು. "ಪ್ರಚೋದನೆ ನಿಲ್ಲಿಸಿ ಒಂದು ವಾರ ಬಿಟ್ಟು ನೋಡಿದ್ದೀರಾ?" ಇಲ್ಲ ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮನುಷ್ಯರ ಸಾಮಾನ್ಯ ಟಿ ಕೋಶಗಳೂ ಪ್ರಚೋದಿಸಿದಾಗ ಕೆಲವು ದಿನ ಫಾಕ್ಸ್‌ಪಿ3 ತೋರಿಸುತ್ತವೆ, ಆಮೇಲೆ ಇಳಿಯುತ್ತದೆ ಎಂದು ವಿವರಿಸಿದರು. ಇಲಿಯಲ್ಲಿ ನಂಬಬಹುದಾದ ಗುರುತನ್ನು ಮನುಷ್ಯರ ಕೋಶದಲ್ಲಿ ಹಾಗೇ ನಂಬಬೇಡಿ ಅಂದರು. ಈ ಕೋಶಗಳು ಬೇರೆ ಕೋಶಗಳನ್ನು ನಿಜವಾಗಿ ತಡೆಯುತ್ತವಾ ಎಂದು ನೋಡಿ. ಫಾಕ್ಸ್‌ಪಿ3 ಜೀನಿನ ಒಂದು ನಿರ್ದಿಷ್ಟ ಭಾಗದಲ್ಲಿ ಮೀಥೈಲ್ ಗುರುತು (ಜೀನನ್ನು ಸುಮ್ಮನಿರಿಸುವ ರಾಸಾಯನಿಕ ಗುರುತು) ಹೋಗಿದೆಯಾ ಎಂದೂ ನೋಡಿ. ಇಷ್ಟನ್ನೂ ನನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅವರೇ ಬರೆದುಕೊಟ್ಟರು.

ವಾಪಸ್ ಬಂದು ಮಾಡಿದೆ. ಏಳನೇ ದಿನಕ್ಕೆ ಆ ದೊಡ್ಡ ಗುಂಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕರಗಿಹೋಗಿತ್ತು. ಉಳಿದದ್ದು ಸಣ್ಣ ಗುಂಪು, ಆದರೆ ಗಟ್ಟಿ. ಬಣ್ಣ ತುಂಬಿದ ಸಾಮಾನ್ಯ ಟಿ ಕೋಶಗಳ ಜೊತೆ ಅವನ್ನು ಬೆರೆಸಿ ಇಟ್ಟೆ. ಕೋಶ ಒಂದು ಸಲ ಒಡೆದು ಎರಡಾದರೆ ಬಣ್ಣ ಅರ್ಧವಾಗುತ್ತದೆ, ಮತ್ತೆ ಒಡೆದರೆ ಕಾಲು. ಪರದೆಯ ಮೇಲೆ ಅದು ಮೆಟ್ಟಿಲಿನ ಹಾಗೆ ಕಾಣುತ್ತದೆ. ನಮ್ಮ ಸಣ್ಣ ಗುಂಪು ಇದ್ದ ಟ್ಯೂಬಿನಲ್ಲಿ ಹೆಚ್ಚಿನ ಕೋಶಗಳು ಮೊದಲ ಮೆಟ್ಟಿಲಲ್ಲೇ ನಿಂತಿದ್ದವು. ನನ್ನ ಥೀಸಿಸ್ ನಿಂತಿರುವುದು ಆ ಒಂದು ಚಿತ್ರದ ಮೇಲೆ. ಆ ಪ್ರಶ್ನೆ ನಮ್ಮ ಲ್ಯಾಬಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಇಷ್ಟಾದ ಮೇಲೆ ಸಂಘ ಅಂದರೇನು ಎಂದು ಸರಿಯಾಗಿ ತಿಳಿದುಕೊಳ್ಳಬೇಕು ಅನ್ನಿಸಿತು. ತುಂಬ ಜನಕ್ಕೆ ಇಲ್ಲಿ ಗೊಂದಲ ಇದೆ. ಇಮ್ಯುನಾಲಜಿಗೆ ಜಗತ್ತಿನ ಮಟ್ಟದಲ್ಲಿ ಇರುವುದು ಸಂಘಗಳ ಒಕ್ಕೂಟ, ಇಂಟರ್‌ನ್ಯಾಷನಲ್ ಯೂನಿಯನ್ ಆಫ್ ಇಮ್ಯುನಲಾಜಿಕಲ್ ಸೊಸೈಟೀಸ್. ಚಿಕ್ಕದಾಗಿ ಐಯುಐಎಸ್. 1969ರಲ್ಲಿ ಶುರುವಾಯಿತು. ಈಗ 80ಕ್ಕೂ ಹೆಚ್ಚು ದೇಶ-ಪ್ರದೇಶಗಳ ಸಂಘಗಳು ಅದರಲ್ಲಿವೆ. ಯುರೋಪ್, ಆಫ್ರಿಕಾ, ಲ್ಯಾಟಿನ್ ಅಮೆರಿಕ, ಏಷ್ಯಾ-ಓಷಿಯಾನಿಯಾಗೆ ಒಂದೊಂದು ಪ್ರಾದೇಶಿಕ ಒಕ್ಕೂಟ ಬೇರೆ. ನೀವು ನಿಮ್ಮ ದೇಶದ ಸಂಘಕ್ಕೆ ಸದಸ್ಯರಾದರೆ ಸಾಕು, ಆ ಮೂಲಕ ದೊಡ್ಡ ಒಕ್ಕೂಟಕ್ಕೂ ಸೇರಿದ ಹಾಗೆ. ವಿದ್ಯಾರ್ಥಿಗಳಿಗೆ ಸದಸ್ಯತ್ವದಲ್ಲಿ ರಿಯಾಯಿತಿ ಇರುವುದೇ ಹೆಚ್ಚು, ಕೇಳಿ ನೋಡಿ.

ಒಕ್ಕೂಟದ ಮಹಾ ಸಮ್ಮೇಳನ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ. ಮೊದಲನೆಯದು 1971ರಲ್ಲಿ ವಾಷಿಂಗ್ಟನ್‌ನಲ್ಲಿ. 2019ರಲ್ಲಿ ಬೀಜಿಂಗ್. 2023ರಲ್ಲಿ ಕೇಪ್‌ಟೌನ್, ಆಫ್ರಿಕಾ ಖಂಡದಲ್ಲಿ ಅದೇ ಮೊದಲು. 2025ರ ಆಗಸ್ಟ್‌ನಲ್ಲಿ ವಿಯೆನ್ನಾ. ಏಪ್ರಿಲ್ 29 ಇಮ್ಯುನಾಲಜಿ ದಿನ. ಆವತ್ತು ಜನರೊಂದಿಗೆ ಮಾತಾಡುವ ಕಾರ್ಯಕ್ರಮಗಳಿಗೆ ಕೈ ಬೇಕಿರುತ್ತದೆ. ಮಾತಾಡಲು ಅಂಜುವವರಿಗೆ ಅದು ಒಳ್ಳೆ ಶುರು.

ಆದರೆ ನನ್ನ ಮನಸ್ಸು ಗೆದ್ದಿದ್ದು ಸಮ್ಮೇಳನಕ್ಕಿಂತ ಪಟ್ಟಿ ಮಾಡುವ ಕೆಲಸ. ಅಲರ್ಜಿ ತರುವ ಪ್ರೋಟೀನ್‌ಗಳಿಗೆ ಹೆಸರಿಡಲು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಒಕ್ಕೂಟದ ಜಂಟಿ ಉಪಸಮಿತಿ ಇದೆ, 1984ರಿಂದ. ಧೂಳಿನ ನುಸಿಯ ಹೆಸರು ಡರ್ಮಟೊಫಗಾಯ್ಡಿಸ್ ಟೆರೊನಿಸಿನಸ್ (ಎರಡನೇ ಪದ ಇಂಗ್ಲಿಷಿನಲ್ಲಿ ಉಚ್ಚರಿಸದ 'ಪಿ'ಯಿಂದ ಶುರುವಾಗುತ್ತದೆ). ಮೊದಲ ಪದದ ಮೂರು ಅಕ್ಷರ, ಎರಡನೆಯದರ ಒಂದು ಅಕ್ಷರ, ಕಂಡುಹಿಡಿದ ಕ್ರಮದ ಸಂಖ್ಯೆ. ಹಾಗೆ ಅದು 'ಡೆರ್ ಪಿ 1'. ಬೆಕ್ಕಿನದು 'ಫೆಲ್ ಡಿ 1'. ಕಡಲೆಕಾಯಿಯದು 'ಅರಾ ಎಚ್ 1'. ಜಗತ್ತಿನ ಯಾವ ಮೂಲೆಯ ಅಲರ್ಜಿ ವೈದ್ಯರು ಈ ಹೆಸರು ಹೇಳಿದರೂ ಇನ್ನೊಬ್ಬರಿಗೆ ಅದೇ ಪ್ರೋಟೀನ್ ಅರ್ಥವಾಗುತ್ತದೆ. ಹೊಸ ಅಲರ್ಜನ್ ಸಿಕ್ಕಿತು ಎಂದು ನೀವೇ ಹೆಸರಿಟ್ಟುಕೊಳ್ಳುವ ಹಾಗಿಲ್ಲ. ಪ್ರೋಟೀನಿನ ವಿವರ, ರೋಗಿಗಳ ಸೀರಮ್‌ನಲ್ಲಿರುವ ಐಜಿಇ (ಅಲರ್ಜಿ ತರುವ ಬಗೆಯ ಆಂಟಿಬಾಡಿ) ಅದಕ್ಕೆ ಅಂಟುತ್ತದೆ ಎಂಬ ಸಾಕ್ಷ್ಯ ಎಲ್ಲ ಕೊಡಬೇಕು. ಕೂತು ನೋಡಿ ಹೆಸರು ಕೊಡುತ್ತಾರೆ.

ಇನ್ನೊಂದು ಸಮಿತಿ ಹುಟ್ಟಿನಿಂದಲೇ ರಕ್ಷಣಾ ವ್ಯವಸ್ಥೆ ಕೆಟ್ಟಿರುವ ಕಾಯಿಲೆಗಳ ಪಟ್ಟಿಯನ್ನು ಆಗಾಗ ತಿದ್ದುತ್ತದೆ. 1952ರಲ್ಲಿ ಬ್ರೂಟನ್ ಎಂಬ ವೈದ್ಯರು ರಕ್ತದಲ್ಲಿ ಆಂಟಿಬಾಡಿಯೇ ಇಲ್ಲದ ಹುಡುಗನೊಬ್ಬನ ಬಗ್ಗೆ ಬರೆದರು. ಆ ಕಾಯಿಲೆಗೆ ಕಾರಣವಾದ ಜೀನ್ ಸಿಕ್ಕಿದ್ದು 1993ರಲ್ಲಿ. 2022ರ ಪಟ್ಟಿಯಲ್ಲಿ ಇಂಥ 485 ಕಾಯಿಲೆಗಳಿದ್ದವು. ಅದರ ನಂತರದ ಪಟ್ಟಿ 550 ದಾಟಿದೆ. ಪದೇ ಪದೇ ಸೋಂಕಾಗುವ ಮಗುವಿನ ಜೀನ್ ಪರೀಕ್ಷೆ ಬಂದಾಗ ವೈದ್ಯರು ತೆರೆದು ನೋಡುವುದು ಈ ಪಟ್ಟಿಯನ್ನೇ. ಇದನ್ನು ಮಾಡುವವರೆಲ್ಲ ತಮ್ಮ ಲ್ಯಾಬು, ಆಸ್ಪತ್ರೆ ಕೆಲಸ ಮುಗಿಸಿ ಕೂತು ಮಾಡುವವರು. ನನಗೆ ಅವರ ಮೇಲೆ ತುಂಬ ಗೌರವ.

ಹೋದ ವರ್ಷ ನಮ್ಮ ಸಂಘದ ಪ್ರಯಾಣ ನೆರವಿನ ಅರ್ಜಿ ನೋಡುವ ತಂಡಕ್ಕೆ ನಾನೂ ಸೇರಿದ್ದೆ. ಆ ಕಡೆ ಕೂತ ಮೇಲೆ ಕಣ್ಣು ತೆರೆಯಿತು. ಅರ್ಜಿಗಳು ನಾನು ಅಂದುಕೊಂಡಷ್ಟು ಬಂದಿರಲಿಲ್ಲ. ಬಂದವುಗಳಲ್ಲಿ ಹಲವು ಗೈಡ್ ಪತ್ರ ಇಲ್ಲದೇ ಬಿದ್ದುಹೋದವು. ಅಬ್‌ಸ್ಟ್ರಾಕ್ಟ್‌ನಲ್ಲಿ ಅರ್ಧ ಭಾಗ ಪೀಠಿಕೆ, ಕೊನೆಗೆ 'ಫಲಿತಾಂಶಗಳನ್ನು ಚರ್ಚಿಸಲಾಗುವುದು'. ಇದನ್ನು ಓದುವಾಗ ಸಂಕಟವಾಗುತ್ತಿತ್ತು. ಕೆಲಸ ಮಾಡಿರುತ್ತಾರೆ, ಹೇಳಿರುವುದಿಲ್ಲ. ಎಷ್ಟು ಜನರ ರಕ್ತ ನೋಡಿದಿರಿ, ಏನು ಏರಿತು, ಎಷ್ಟು ಏರಿತು, ಅದನ್ನು ಬರೆಯಿರಿ. ಸಣ್ಣ ಫಲಿತಾಂಶವಾದರೂ ಪರವಾಗಿಲ್ಲ. 'ನಾನು ಯಾಕೆ ಬರಬೇಕು' ಎಂಬ ಜಾಗದಲ್ಲಿ ಸುಮ್ನೆ 'ಜ್ಞಾನ ಹೆಚ್ಚಿಸಿಕೊಳ್ಳಲು' ಎಂದು ಬರೆಯಬೇಡಿ. ಯಾವ ಪ್ರಶ್ನೆಗೆ ಉತ್ತರ ಬೇಕು, ಅದನ್ನು ಯಾರ ಹತ್ತಿರ ಕೇಳಬೇಕು ಎಂದಿದ್ದೀರಿ, ಅದನ್ನು ಹೇಳಿ. ನನಗೆ ಈಗಲೂ ನೆನಪಿರುವ ಒಂದು ಅರ್ಜಿ ಎಂಟೇ ಸಾಲಿನದು. ಲ್ಯಾಬಿನಲ್ಲಿ ತಾನೊಬ್ಬಳೇ ಬಿ ಕೋಶದ (ಆಂಟಿಬಾಡಿ ತಯಾರಿಸುವ ಕೋಶ) ಕೆಲಸ ಮಾಡುತ್ತೇನೆ, ಕೇಳಲು ಯಾರೂ ಇಲ್ಲ, ಈ ಮೂರು ತೊಂದರೆ ಬಂದಿದೆ ಎಂದು ಬರೆದಿದ್ದಳು. ಆಯ್ಕೆಯಾದಳು.

ನೀವು ಗೈಡ್ ಆಗಿದ್ದರೆ ಒಂದು ಮಾತು. ಪತ್ರವನ್ನು ವಿದ್ಯಾರ್ಥಿ ಮೂರು ಸಲ ಕೇಳುವ ತನಕ ಕಾಯಿಸಬೇಡಿ. ಅರ್ಧ ಗಂಟೆಯ ಕೆಲಸ.

ನಮ್ಮ ಹುಡುಗಿಯ ಕಥೆಗೆ ಬರುತ್ತೇನೆ. ಅವಳೂ ಈಗ ಫಾಕ್ಸ್‌ಪಿ3 ಕೆಲಸವನ್ನೇ ಮುಂದುವರಿಸುತ್ತಿದ್ದಾಳೆ. ಎರಡು ಸಂಜೆ ಜೊತೆಯಲ್ಲಿ ಕೂತು ಅಬ್‌ಸ್ಟ್ರಾಕ್ಟ್ ತಿದ್ದಿದೆವು. ಪೀಠಿಕೆ ಎರಡು ವಾಕ್ಯಕ್ಕೆ ಇಳಿಯಿತು. ಮೂರನೇ ದಿನದ ಅಂಕಿ ಬರೆದಿದ್ದಳು, ಏಳನೇ ದಿನದ್ದು ಇರಲಿಲ್ಲ. ನಾನು ನನ್ನ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟ ತೆರೆದು ಅವಳ ಮುಂದಿಟ್ಟೆ. ಓದಿದಳು, ಏನೂ ಹೇಳಲಿಲ್ಲ. ಕೊನೇ ದಿನಕ್ಕೆ ಇನ್ನೂ ಹತ್ತು ದಿನ ಇತ್ತು.

ಮಾರನೇ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅವಳು ಆಗಲೇ ಕೋಶಗಳನ್ನು ತೊಳೆದು, ಪ್ರಚೋದನೆ ಇಲ್ಲದ ಹೊಸ ಮೀಡಿಯಾಕ್ಕೆ (ಕೋಶ ಬೆಳೆಸುವ ದ್ರವ) ಹಾಕಿ, ತಟ್ಟೆಯ ಮುಚ್ಚಳದ ಮೇಲೆ ತಾರೀಕು ಬರೆಯುತ್ತಿದ್ದಳು.

"ಅಕ್ಕಾ, ಮುಂದಿನ ಗುರುವಾರ ಸೈಟೋಮೀಟರ್ ಬುಕ್ ಮಾಡಲಾ? ಬೆಳಿಗ್ಗೆ ಸಿಕ್ಕರೆ ಸಂಜೆಗೆ ಅರ್ಜಿ ಕಳಿಸ್ತೀನಿ."