ಸಂಗನಕಲ್ಲಿನ ಅರೆಯೋ ಕಲ್ಲು

ಒಂಬತ್ತಕ್ಕೇ ಗುಡ್ಡದ ಬುಡದಲ್ಲಿ ಇಳಿದರೂ ಬಂಡೆಗಳು ಆಗಲೇ ಕಾದಿದ್ದವು. ಬಳ್ಳಾರಿ ಬಿಸಿಲು ಅಂದರೆ ಸುಮ್ನೆ ಅಲ್ಲ. ನೀರಿನ ಬಾಟಲಿ ಆಟೋದಲ್ಲೇ ಉಳಿದಿದೆ ಅಂತ ಅರ್ಧ ಹತ್ತಿದ ಮೇಲೆ ನೆನಪಾಯಿತು.

"ಕಲ್ಲು ನೋಡೋಕೆ ಇಷ್ಟು ದೂರ ಬರಬೇಕಿತ್ತೇನೋ? ನಮ್ಮೂರಲ್ಲಿ ಇರೋದೆಲ್ಲ ಕಲ್ಲೇ ಅಲ್ವಾ" ಎಂದು ಅಮ್ಮ ಗೊಣಗಿದಳು. ನಮ್ಮದು ಪಾವಗಡದ ಕಡೆ. ಮಾತು ಸುಳ್ಳೇನಲ್ಲ.

ಬಳ್ಳಾರಿ ಪಕ್ಕದ ಸಂಗನಕಲ್ಲಿನ ಈ ಗುಡ್ಡಗಳಲ್ಲಿ ಸುಮಾರು 4000 ವರ್ಷದ ಹಿಂದೆ ಜನ ದನ, ಕುರಿ, ಮೇಕೆ ಸಾಕಿಕೊಂಡು, ಕಾಳು ಬೆಳೆದುಕೊಂಡು ಇದ್ದರು. 19ನೇ ಶತಮಾನದಲ್ಲಿ ಇಲ್ಲೆಲ್ಲ ಅಲೆದು ಕಲ್ಲಿನ ಕೊಡಲಿಗಳನ್ನು ಗುರುತಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿಯಲ್ಲಿ ಅವರ ಹೆಸರಿನ ಮ್ಯೂಸಿಯಂ ಕೂಡ ಇದೆ. ಈ ಸೀಮೆಯ ಬೂದಿ ದಿಬ್ಬಗಳು ಸುಟ್ಟ ಸಗಣಿಯವು ಅಂತ ಕಂಡುಕೊಂಡವರೂ ಅವರೇ. ಹಂಪಿ ಹತ್ತಿರದ ನಿಂಬಾಪುರದಲ್ಲಿ ಅಂಥದ್ದೇ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಕಥೆಯಾಗಿ ಕೇಳೋಕೆ ವಾಲಿಯೇ ವಾಸಿ. ಆದರೆ ಅಷ್ಟು ಸಗಣಿ ಬೀಳಬೇಕಾದರೆ ಎಷ್ಟು ದನ ಇದ್ದಿರಬೇಕು ಅಂತ ಲೆಕ್ಕ ಹಾಕಲು ಹೊರಟರೆ ಅದೂ ಕಮ್ಮಿ ಕಥೆಯಲ್ಲ.

ಬಂಡೆಗಳ ನಡುವೆ ಅಮ್ಮ ತಟ್ಟನೆ ನಿಂತಳು. ಹಾಸುಬಂಡೆಯಲ್ಲಿ ಮೊಳದುದ್ದದ ಒಂದು ತಗ್ಗು. ಸುತ್ತಲಿನ ಕಲ್ಲು ತರಿತರಿ, ತಗ್ಗಿನೊಳಗೆ ಮಾತ್ರ ತೊಳೆದ ತಟ್ಟೆಯ ನುಣುಪು. ನಾನು ಬೀಸೋ ಕಲ್ಲು ಅಂದೆ.

"ಬೀಸೋದು ಗುಂಡಗೆ ತಿರುಗುತ್ತೆ ಕಣೋ. ಇದು ಅರೆಯೋದು."

ಅಮ್ಮ ಅಲ್ಲೇ ಮಂಡಿಯೂರಿದಳು. ಪಕ್ಕದಲ್ಲಿ ಬಿದ್ದಿದ್ದ ಕಲ್ಲನ್ನು ಮುಟ್ಟಬೇಡ ಅಂದಿದ್ದಕ್ಕೆ ಬರಿಗೈಯನ್ನೇ ಹಿಂದೆ ಮುಂದೆ ಆಡಿಸಿದಳು. ಮುಂದೆ ಹೋಗುವಾಗ ಮೈಭಾರವೆಲ್ಲ ಅಂಗೈಗೆ. ಹಿಂದೆ ಬರುವಾಗ ಹಗುರ. ತಗ್ಗಿನ ಉದ್ದಕ್ಕೂ ಅವಳ ತೋಳಿನ ಅಳತೆಗೂ ಸರಿಹೋಯಿತು. ನಾನು ಫೋಟೋ ತೆಗೆಯೋದನ್ನೂ ಮರೆತೆ.

ಇನ್ನೂ ಮೇಲೆ, ಹಿರೇಗುಡ್ಡದ ಕಡೆ, ಬಂಡೆಗಳಲ್ಲಿ ಸಣ್ಣ, ಆಳದ ಗೀರುಗಳಿವೆ. ಅವು ಕೊಡಲಿ ಮಸೆದ ಗುರುತು. ಕಪ್ಪು ಕಲ್ಲಿನ ಪಟ್ಟೆಯೊಂದು ಗುಡ್ಡದಲ್ಲೇ ಹಾದುಹೋಗಿರುವುದರಿಂದ ಇದು ಕೊಡಲಿ ಮಾಡುವ ಜಾಗವೂ ಆಗಿತ್ತು. ಉದ್ದ ಕೊಂಬಿನ ಹೋರಿಗಳ ಚಿತ್ರ ಕುಟ್ಟಿರುವುದೂ ಆ ಕಪ್ಪು ಕಲ್ಲಿನ ಮೇಲೇ. ಅಲ್ಲಿ ಕೆಲವು ಬಂಡೆ ಬಡಿದರೆ ಗಂಟೆಯಂತೆ ಅನ್ನುತ್ತವೆ.

ಅರೆದಿದ್ದು ಏನು? ಅದು ಗೊತ್ತಾದ ಬಗೆಯೇ ನನಗೆ ಜಾಸ್ತಿ ಇಷ್ಟ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕುತ್ತಾರೆ. ಮಣ್ಣು ತಳಕ್ಕೆ ಕೂರುತ್ತದೆ, ಒಲೆಯಲ್ಲಿ ಸೀದು ಇದ್ದಿಲಾದ ಕಾಳು ತೇಲುತ್ತದೆ. ಅದನ್ನು ಸಣ್ಣ ಜಾಲರಿಯಲ್ಲಿ ಹಿಡಿದು ಒಣಗಿಸುತ್ತಾರೆ. ಯಾರೋ ಸೀಯಿಸಿದ ಅಡುಗೆಯೇ ನಮ್ಮವರೆಗೆ ಉಳಿದಿದ್ದು! ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮುಂತಾದ ಪುರಾತತ್ವಜ್ಞರ ಕೆಲಸದಲ್ಲಿ ಹೀಗೆ ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ ಅನ್ನೋ ಸಿರಿಧಾನ್ಯ ಮತ್ತು ಅದರ ಜತೆಗಾರನಂಥ ಇನ್ನೊಂದು ಹುಲ್ಲಿನ ಕಾಳು. ಗೋಧಿ, ಬಾರ್ಲಿ ಹೊರಗಿನಿಂದ ಬಂದು ಸೇರಿಕೊಂಡವು.

ಕೊರಲೆ ಅಂದಿದ್ದೇ ಅಮ್ಮನ ಮುಖ ಅರಳಿತು. "ನಮ್ಮಜ್ಜಿ ಮಾಡ್ತಿದ್ದಳು. ಸಿಪ್ಪೆ ಬಿಡಿಸೋಕೆ ರಟ್ಟೆಯಲ್ಲಿ ತಾಕತ್ತು ಬೇಕು. ಬರಗಾಲದಲ್ಲೂ ಕೈ ಬಿಡಲ್ಲ ಅದು."

ಮಧ್ಯಾಹ್ನ ಬಳ್ಳಾರಿಯ ಖಾನಾವಳಿಯೊಂದರಲ್ಲಿ ಕೂತೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ, ಹೆಸರುಕಾಳು ಪಲ್ಯ. ನಾನು ತಟ್ಟೆಯ ಜಾತಕ ಬಿಡಿಸಿದೆ. ಜೋಳದ ತವರು ಆಫ್ರಿಕಾ. ಶೇಂಗಾ, ಮೆಣಸಿನಕಾಯಿ ಅಮೆರಿಕದವು, ಬಂದು ನಾನೂರು-ಐನೂರು ವರ್ಷ. ಆ ಗುಡ್ಡದವರು ಬಂದು ಕೂತರೆ ಗುರುತು ಹಿಡಿಯೋದು ಹೆಸರುಕಾಳೊಂದನ್ನೇ.

"ಪಾಪ, ಖಾರ ಇಲ್ಲದೆ ಹೆಂಗೆ ತಿಂದರೋ" ಎಂದು ಅಮ್ಮ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.