ಜ್ವರ ಬಿಟ್ಟ ಮೇಲೆ ಉಸಿರು ಕೆಟ್ಟಿದ್ದು ಯಾಕೆ?

ಡೊಂಬಿವಲಿಯಲ್ಲಿ ನಮ್ಮವರ ಮದುವೆಗೋ ಪೂಜೆಗೋ ಹೋದರೆ, ಊಟಕ್ಕೆ ಕೂತಾಗ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಕೊರೊನಾ ಹೊತ್ತಿನಲ್ಲಿ ನಾನು ಮುಂಬೈನ ಒಂದು ಆಸ್ಪತ್ರೆಯ ಐಸಿಯುನಲ್ಲಿ ನರ್ಸ್ ಆಗಿದ್ದೆ. ಹೋದ ತಿಂಗಳು ಕೇಳಿದವರು ಹೋಟೆಲ್ ನಡೆಸುವ ಹಿರಿಯರೊಬ್ಬರು. "ಸಿಸ್ಟರೇ, ನನ್ನ ತಮ್ಮನಿಗೆ ಐದು ದಿನ ಜ್ವರ. ಆರನೇ ದಿನ ಬಿಟ್ಟಿತು. ಗಂಜಿ ಉಂಡ, ಫೋನಿನಲ್ಲಿ ನಕ್ಕ. ಒಂಬತ್ತನೇ ದಿನ ಆಕ್ಸಿಜನ್ 82! ವೈರಸ್ ವಾಪಸ್ ಬಂತಾ?"

ಇಲ್ಲ. ಹೆಚ್ಚಿನವರಲ್ಲಿ ಆ ಹೊತ್ತಿಗೆ ವೈರಸ್ ಇಳಿಮುಖವಾಗಿರುತ್ತದೆ. ಆಮೇಲಿನ ಹಾವಳಿ ಬಹುಪಾಲು ನಮ್ಮ ಮೈಯದೇ.

ಶ್ವಾಸಕೋಶದಲ್ಲಿ 30 ಕೋಟಿಗೂ ಜಾಸ್ತಿ ಪುಟ್ಟ ಗಾಳಿಚೀಲಗಳಿವೆ. ಬಿಡಿಸಿ ಹಾಸಿದರೆ ನಮ್ಮ ಡೊಂಬಿವಲಿಯ ಒಂದು ಒನ್ ಬಿಎಚ್‌ಕೆ ಸಾಲುವುದಿಲ್ಲ. ಒಳಗೆ ಸೋಪಿನಂಥ ಜಾರು ಪದರವಿದ್ದು, ಚೀಲಗಳು ಮುದುಡಿ ಅಂಟಿಕೊಳ್ಳದಂತೆ ತಡೆಯುತ್ತದೆ. ಆ ಪದರ ತಯಾರಿಸುವ ಜೀವಕೋಶಗಳ ಮೇಲೆ ಎಸಿಇ2 ಎಂಬ ಬಾಗಿಲಿದೆ. ವೈರಸ್ ಒಳಹೊಕ್ಕುವುದು ಅಲ್ಲಿಂದಲೇ.

ಕಳ್ಳ ಬಂದ ಕೂಡಲೇ ಕೂಗಬೇಕಾದದ್ದು ಇಂಟರ್‌ಫೆರಾನ್, ಮೈಯಲ್ಲಿ ಎಚ್ಚರಿಕೆ ಸಾರುವ ಪ್ರೋಟೀನ್. ಈ ವೈರಸ್ ಮೊದಲು ಅದರ ಬಾಯಿ ಮುಚ್ಚಿಸುತ್ತದೆ. ಕೆಲವರಲ್ಲಿ ಆ ಬಾಯಿ ಮೊದಲೇ ಕಟ್ಟಿರುತ್ತದೆ. ಜೀವಕ್ಕೇ ಅಪಾಯವಾದ ರೋಗಿಗಳ ಪೈಕಿ ಸುಮಾರು ಹತ್ತರಲ್ಲಿ ಒಬ್ಬರ ರಕ್ತದಲ್ಲಿ, ತಮ್ಮದೇ ಇಂಟರ್‌ಫೆರಾನನ್ನು ಕಟ್ಟಿಹಾಕುವ ಪ್ರತಿಕಾಯಗಳು (ಆ್ಯಂಟಿಬಾಡಿ) ಇದ್ದವು ಎಂದು 2020ರಲ್ಲಿ ಪತ್ತೆಯಾಯಿತು. ಅವರಲ್ಲಿ ಬಹುಪಾಲು ಗಂಡಸರು. ವಯಸ್ಸು, ಬೊಜ್ಜು, ಸಕ್ಕರೆ ಕಾಯಿಲೆಯ ಮಾತು ಎಲ್ಲರಿಗೂ ಗೊತ್ತು. ಗಟ್ಟಿಮುಟ್ಟಾಗಿದ್ದ ಕೆಲವರು ಯಾಕೆ ಬಿದ್ದರು ಎನ್ನುವುದಕ್ಕೆ ಇದೂ ಒಂದು ಕಾರಣ.

ಕೂಗು ತಡವಾದರೆ ಊರೆಲ್ಲ ಒಟ್ಟಿಗೆ ನುಗ್ಗುತ್ತದೆ, ಅಲ್ವಾ? ಬಿಳಿ ರಕ್ತಕಣಗಳ ಕಥೆಯೂ ಅದೇ. ರಕ್ತನಾಳಗಳ ಗೋಡೆ ಸೋರುತ್ತದೆ, ಚೀಲಗಳಲ್ಲಿ ನೀರು ತುಂಬುತ್ತದೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಇದು ಸಾಮಾನ್ಯವಾಗಿ ಎರಡನೇ ವಾರದ ಕೆಲಸ.

ಹಾಗಾದರೆ ನಗುತ್ತಾ ಮಾತಾಡಿದ್ದು ಹೇಗೆ? "ಉಸಿರು ಸಾಲದು" ಎಂದು ಮಿದುಳಿಗೆ ಮುಖ್ಯವಾಗಿ ಹೇಳುವುದು ಹೆಚ್ಚಾದ ಇಂಗಾಲದ ಡೈಆಕ್ಸೈಡ್. ಶ್ವಾಸಕೋಶ ಅರ್ಧ ಕೆಟ್ಟರೂ ಅದು ಸುಲಭವಾಗಿ ಹೊರಹೋಗುತ್ತಿರುತ್ತದೆ. ಆಮ್ಲಜನಕ ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. ಮೊಬೈಲ್ ನೋಡುತ್ತಾ ಕೂತವರ ಬೆರಳಿಗೆ ಆಕ್ಸಿಮೀಟರ್ ಹಾಕಿ ನಾನೇ ಬೆಚ್ಚಿಬಿದ್ದಿದ್ದೇನೆ.

ಮೈಯ ಈ ಹಾವಳಿಯನ್ನು ತಣಿಸುವ ಔಷಧಿ ಸ್ಟೀರಾಯ್ಡ್. ಅದರ ವಿಷಯದಲ್ಲಿ ನನಗೆ ಇವತ್ತಿಗೂ ಸಿಟ್ಟಿದೆ. ಆಕ್ಸಿಜನ್ ಬೇಕಾದವರ ಸಾವನ್ನು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ತಗ್ಗಿಸುತ್ತದೆ, ವೆಂಟಿಲೇಟರ್‌ನಲ್ಲಿದ್ದವರಲ್ಲಂತೂ ಮೂರನೇ ಒಂದರಷ್ಟು ಎಂದು ಬ್ರಿಟನ್ನಿನ ರಿಕವರಿ ಪ್ರಯೋಗ 2020ರ ಜೂನ್‌ನಲ್ಲಿ ತೋರಿಸಿತು. ಆಕ್ಸಿಜನ್ ಬೇಡದವರಿಗೆ ಲಾಭವೇ ಇರಲಿಲ್ಲ. ಆದರೂ 2021ರಲ್ಲಿ ಎರಡನೇ ದಿನವೇ ಮಾತ್ರೆ ನುಂಗಿ ಬಂದವರನ್ನು ಕಂಡೆ. ವೈರಸ್ ಬೆಳೆಯುವ ಹೊತ್ತಿನಲ್ಲಿ ಕಾವಲುಗಾರನಿಗೇ ನಿದ್ದೆ ಮಾತ್ರೆ! ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಇನ್ನೂ ಏರಿ, ಕೆಲವರಿಗೆ ಬ್ಲ್ಯಾಕ್ ಫಂಗಸ್ ಕೂಡ ಹತ್ತಿತು.

ಹಿರಿಯರು ಇನ್ನೊಂದು ಕೇಳಿದರು: ತಮ್ಮನನ್ನು ಬೋರಲು ಮಲಗಿಸಿದ್ದು ಯಾಕೆ? ಶ್ವಾಸಕೋಶದ ಹೆಚ್ಚಿನ ಭಾಗ ಬೆನ್ನ ಕಡೆಗಿದೆ. ಅಂಗಾತ ಮಲಗಿದರೆ ಅದು ಅದುಮಿಹೋಗುತ್ತದೆ. ಬೋರಲಾದರೆ ಮುಚ್ಚಿದ್ದ ಚೀಲಗಳು ಎಷ್ಟೋ ಬಿಚ್ಚಿಕೊಳ್ಳುತ್ತವೆ.

"ಹೌದು," ಅಂದರು ಅವರು, "ಅಂಗಾತ 86 ಇತ್ತು. ಬೋರಲಾದ ಮೇಲೆ 93."